ಎಸಿ ಜಾಯಿಂಟ್ ಗ್ರೇಡ್ 3: ಒಬ್ಬ ಡಾಕ್ಟರ್ ಆಪರೇಷನ್ ಅಂತಾರೆ, ಇನ್ನೊಬ್ರು ಬೇಡ ಅಂತಾರೆ, ಏನ್ಮಾಡ್ಲಿ?

ಆವತಿ_ಸವಾರ

ಎಲ್ರಿಗೂ ನಮಸ್ಕಾರ. ಎಡಗೈಲಿ ಒಂದೊಂದೇ ಅಕ್ಷರ ಒತ್ಕೊಂಡು ಬರೀತಿದೀನಿ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಬಿದ್ದು ಇವತ್ತಿಗೆ 12 ದಿನ. ಆವತಿ ಬೆಟ್ಟದ ಹಿಂದ್ಗಡೆ ಕಾಲುದಾರೀಲಿ ಸೈಕಲ್ಲಲ್ಲಿ ಇಳೀತಿದ್ವಿ, ನಾವು ಮೂರು ಜನ. ನಂಗೆ ಆ ದಾರಿ ಹೊಸದಲ್ಲ, ಬೇಸಿಗೇಲಿ ಹತ್ತು ಸಲನಾದ್ರೂ ಇಳಿದಿದೀನಿ, ಆದ್ರೆ ಈ ಸಲದ ಮಳೆಗೆ ನೀರು ಹರಿದು ದಾರಿ ಮಧ್ಯದಲ್ಲೇ ಒಂದು ಕೊರಕಲು ಬಿದ್ದಿತ್ತು, ಮೇಲೆ ಹುಲ್ಲು ಬೆಳ್ಕೊಂಡು ಕಾಣಿಸ್ಲೇ ಇಲ್ಲ, ಮುಂದಿನ ಚಕ್ರ ಅದ್ರೊಳಗೆ ಸಿಕ್ಕಾಕೊಂಡಿದ್ದೇ ತಡ ನಾನು ಹ್ಯಾಂಡಲ್ ಮೇಲಿಂದ ಹಾರಿ ಬಲಭುಜದ ತುದಿ ನೆಲಕ್ಕೆ ಹೊಡ್ಕೊಂಡು ಬಿದ್ದೆ. ಕೈ ಊರೋಕೂ ಟೈಮ್ ಸಿಗ್ಲಿಲ್ಲ. ಹೆಲ್ಮೆಟ್ ಬಲಗಡೆ ಸೀಳಿದೆ, ತಲೆಗೆ ಏನೂ ಆಗಿಲ್ಲ.

ಎದ್ದು ಕೂತಾಗ ನೋವಿಗಿಂತ ಮೊದ್ಲು ಗೊತ್ತಾಗಿದ್ದು ಕೈ ಭಾರ. ಬೇರೆ ಯಾರದ್ದೋ ಕೈ ತಂದು ನನ್ನ ಮೈಗೆ ನೇತುಹಾಕಿದ ಹಾಗಿತ್ತು. ಜರ್ಸಿ ಒಳಗೆ ಎಡಗೈ ಹಾಕಿ ಮುಟ್ಟಿ ನೋಡಿದ್ರೆ ಕಾಲರ್ ಬೋನ್ ಮುಗಿಯೋ ಜಾಗದಲ್ಲಿ ನಿಂಬೆಹಣ್ಣಿನಷ್ಟು ಉಬ್ಬು. ಒತ್ತಿದ್ರೆ ಒಳಗೆ ಹೋಗುತ್ತೆ, ಬಿಟ್ರೆ ಮೇಲೆ ಬರುತ್ತೆ, ಹಾರ್ಮೋನಿಯಂ ಮನೆ ಒತ್ತಿ ಬಿಟ್ಟ ಹಾಗೆ. ಆಗ ನಿಜವಾಗ್ಲೂ ಹೆದರಿಕೆ ಆಯ್ತು. ಜೊತೇಲಿದ್ದವನು ತನ್ನ ಟವೆಲ್ ಬಿಚ್ಚಿ ಕತ್ತಿಗೆ ಕಟ್ಟಿ ಕೈ ತೂಗಾಕ್ದ, ಹೂಕೋಸು ತುಂಬ್ಕೊಂಡು ಮಾರ್ಕೆಟ್ಟಿಗೆ ಹೊರಟಿದ್ದ ಗೂಡ್ಸ್ ಗಾಡಿಯವ್ರು ನಿಲ್ಸಿ ದೇವನಹಳ್ಳಿವರೆಗೆ ಕರ್ಕೊಂಡು ಬಂದ್ರು. ದುಡ್ಡು ಕೊಟ್ರೆ ತಗೊಳ್ಲಿಲ್ಲ.

ಮೊದ್ಲು ಹೋದ ಆಸ್ಪತ್ರೇಲಿ ಎಕ್ಸ್‌ರೇ ತೆಗೆದು ಮೂಳೆ ಮುರಿದಿಲ್ಲ, ಎಸಿ ಜಾಯಿಂಟ್ (ಕಾಲರ್ ಬೋನ್ ತುದಿ ಭುಜಕ್ಕೆ ಸೇರೋ ಕೀಲು) ಬಿಟ್ಕೊಂಡಿದೆ, ಪೆಟ್ಟಿನ ಮಟ್ಟ ಗ್ರೇಡ್ 3, ಆಪರೇಷನ್ ಮಾಡಿ ಕೂರಿಸ್ಬೇಕು, ಮೂರು ವಾರದೊಳಗೆ ಆಗ್ಬೇಕು ಅಂದ್ರು. ಎಸ್ಟಿಮೇಟ್ 1.8 ಲಕ್ಷ. ಮನೇಲಿ ಎಲ್ರೂ ಸೇರಿ ಇನ್ನೊಬ್ಬ ಡಾಕ್ಟರ್ ಹತ್ರ ಹೋದ್ವಿ, ಅವ್ರು ಅದೇ ಎಕ್ಸ್‌ರೇ ನೋಡಿ ಎರಡು ವಾರ ಆರ್ಮ್ ಪೌಚ್ (ಕತ್ತಿಂದ ಕೈ ತೂಗುಹಾಕೋ ಚೀಲ) ಹಾಕ್ಕೊಳ್ಳಿ, ಆಮೇಲೆ ಫಿಸಿಯೋ ಶುರು ಮಾಡಿ, ಆಪರೇಷನ್ ಬೇಡ ಅಂದ್ರು. ಇಬ್ರೂ ಅನುಭವಸ್ಥರೇ. ನಂಗೆ ಉಳಿದಿರೋದು ಒಂಬತ್ತು ದಿನ, ರಾತ್ರಿ ನಿದ್ದೆ ಇಲ್ಲ, ನೋವಿಗೆ ಅರ್ಧ, ಈ ಯೋಚನೆಗೆ ಅರ್ಧ.

ವಯಸ್ಸು 34, ಕೆಲ್ಸ ಕಂಪ್ಯೂಟರ್ ಮುಂದೆ. ಟ್ರೇಲ್, ಅಂದ್ರೆ ಬೆಟ್ಟದ ಮಣ್ಣುದಾರೀಲಿ ಸೈಕಲ್ ಹೊಡಿಯೋದು, ಬಿಟ್ಟು ಇರೋಕಾಗಲ್ಲ ನಂಗೆ, ಅದೊಂದು ನಿಜ. ಆಪರೇಷನ್ ಇಲ್ದೆ ವಾಪಸ್ ಟ್ರೇಲ್‌ಗೆ ಬಂದೋರು ಯಾರಾದ್ರೂ ಇದೀರಾ? ಆಪರೇಷನ್ ಮಾಡಿಸ್ಕೊಂಡೋರು ಈಗ ಹೇಗಿದೀರಾ? ಈ ಉಬ್ಬು ಹೋಗುತ್ತಾ? ಇನ್ನೊಂದು, ಅಮ್ಮ ಊರಲ್ಲಿ ನಾಟಿ ಕಟ್ಟು ಹಾಕಿಸೋಣ, ಎಣ್ಣೆ ಹಾಕಿ ನೀವಿಸಿದ್ರೆ ಕೂತ್ಕೊಳ್ಳುತ್ತೆ ಅಂತ ದಿನಾ ಹೇಳ್ತಿದಾರೆ. ಅವ್ರಿಗೆ ಏನ್ ಹೇಳ್ಲಿ ಅಂತಾನೂ ತಿಳೀತಿಲ್ಲ.

ನೃಪತುಂಗ_ಬೆಟ್ಟ

ಅಣ್ಣಾರ, ಮೊದ್ಲ ಹೆದರಬ್ಯಾಡ್ರಿ. ನನಗೂ ಹಿಂಗ ಆಗಿತ್ತು, 2019ರಾಗ, ಹುಬ್ಬಳ್ಳಿ ನೃಪತುಂಗ ಬೆಟ್ಟದ ಹಿಂದ ಇಳಿಯೂ ಮುಂದ ಬಿದ್ದೆ, ಎಡಗಡೆ ಭುಜ. ನಾ ಆಪರೇಷನ್ ಮಾಡಿಸ್ಕೊಂಡೀನಿ, ಹುಕ್ ಪ್ಲೇಟ್ ಹಾಕಿದ್ರು.

ಇದರಾಗ ಒಂದು ಮಾತು ಯಾರೂ ಮೊದ್ಲ ಬಿಡಿಸಿ ಹೇಳೂದಿಲ್ಲ. ಹುಕ್ ಪ್ಲೇಟ್ ಅಂದ್ರ ಒಂದ ಆಪರೇಷನ್ ಅಲ್ಲ, ಎರಡು. ಆ ಕೊಕ್ಕಿ ಭುಜದ ಮ್ಯಾಲಿನ ಎಲುಬಿನ ಕೆಳಗ ಹೊಕ್ಕು ಕಾಲರ್ ಬೋನ್ ಒತ್ತಿ ಹಿಡಿದಿರ್ತೈತಿ, ಅದನ್ನ ಹಂಗ ಬಿಟ್ರ ಮ್ಯಾಲಿನ ಎಲುಬು ಸವೀತೈತಿ, ಅದಕ್ಕ ಮೂರ್ನಾಕು ತಿಂಗಳಿಗೆ ವಾಪಸ್ ತಗೀಬೇಕು. ಪ್ಲೇಟ್ ಇರೂತನಕ ನನಗ ಕೈ ಭುಜದ ಮಟ್ಟ ದಾಟಿ ಮ್ಯಾಲ ಎತ್ತಾಕ ಬಿಟ್ಟಿರಲಿಲ್ಲ, ಎತ್ತಾಕ ಹೋದ್ರ ಒಳಗ ಏನೋ ಚುಚ್ಚಿದಂಗ ಆಕ್ಕಿತ್ತು. ಮಕ್ಕೊಳ್ಳೂದು ಬಾಳ ತ್ರಾಸ. ತಗದ ಮರುವಾರದಾಗ ಅರ್ಧ ನೋವು ಹೋತು, ಸುಳ್ಳಲ್ಲ.

ಹಂಗಂತ ನನಗ ಪಶ್ಚಾತ್ತಾಪ ಇಲ್ಲ. ನಂದು ಪೇಂಟಿಂಗ್ ಕಾಂಟ್ರ್ಯಾಕ್ಟ್, ದಿನಾ ಏಣಿ ಮ್ಯಾಲ ನಿಂತು ತಲಿ ಮ್ಯಾಲ ಕೈ ಎತ್ತಿ ರೋಲರ್ ಹೊಡೆಯೂ ಕೆಲಸ, ಮತ್ತ ನಂದು ಗ್ರೇಡ್ 5 ಇತ್ತು, 3 ಅಲ್ಲ. ಡಾಕ್ಟ್ರು ಅದನ್ನ ನೋಡೇ ಹೇಳಿದ್ರು. ನಿಮ್ಮದು ಕಂಪ್ಯೂಟರ್ ಕೆಲಸ ಅಂತೀರಿ, ಗ್ರೇಡ್ 3 ಅಂತೀರಿ, ನನ್ನ ಲೆಕ್ಕ ನಿಮಗ ಹಚ್ಚಬ್ಯಾಡ್ರಿ. ಈಗ ಪ್ಲೇಟ್ ಬದಲು ಬಟನ್ ಮತ್ತ ದಾರ ಹಾಕೂ ಪದ್ಧತಿನೂ ಐತಿ, ಅದನ್ನ ಸಾಮಾನ್ಯವಾಗಿ ತಗಿಯೂ ಅವಶ್ಯಕತಿ ಬರೂದಿಲ್ಲ ಅಂತಾರ. ಆಪರೇಷನ್ನ ಮಾಡಿಸೂದಾದ್ರ ಯಾವುದು ಹಾಕ್ತೀರಿ, ತಗೀಬೇಕೋ ಬ್ಯಾಡೋ, ಎರಡನೇ ಸಲದ ಖರ್ಚು ಈ 1.8 ಲಕ್ಷದಾಗ ಐತೋ ಇಲ್ಲೋ, ಇಷ್ಟು ಬಾಯಿ ಬಿಟ್ಟು ಕೇಳ್ರಿ.

ರೇಸ್_ನೋಡೋನು

ಬೇಗ ಹುಷಾರಾಗಿ ಬ್ರೋ. ಬೆಲ್ಜಿಯಂ ಸೈಕಲ್ ರೇಸರ್ ರೆಮ್ಕೋ ಎವೆನೆಪೂಲ್‌ಗೂ ಆಗಿದ್ದು ಭುಜಾನೇ, ಡಿಸೆಂಬರ್ 2024ರಲ್ಲಿ ಟ್ರೈನಿಂಗ್ ಮಾಡ್ತಿರ್ಬೇಕಾದ್ರೆ ಪೋಸ್ಟ್ ವ್ಯಾನ್ ಬಾಗಿಲು ತೆಗೆದು ಅದಕ್ಕೆ ಹೊಡೆದ, ಪಕ್ಕೆಲುಬು, ರೆಕ್ಕೆ ಮೂಳೆ, ಕೈ ಎಲ್ಲಾ ಮುರಿದು ಬಲಗಡೆ ಕಾಲರ್ ಬೋನ್ ಜಾಗ ಬಿಟ್ಟು ಸುತ್ತಲಿನ ಲಿಗಮೆಂಟ್ (ಮೂಳೆ ಹಿಡಿದಿರೋ ಕಟ್ಟು) ಹರಿದಿತ್ತು. ಆಪರೇಷನ್ ಆಗಿ, 2025ರ ಏಪ್ರಿಲ್ 18ಕ್ಕೆ ಮೊದಲ ರೇಸ್, ಅದನ್ನ ಗೆದ್ದೂಬಿಟ್ಟ. ಆದ್ರೆ ನೋಡಿ, ಪ್ಯಾರಿಸ್ ಒಲಿಂಪಿಕ್ಸಲ್ಲಿ ಎರಡು ಚಿನ್ನ ತಗೊಂಡೋನಿಗೂ, ದಿನಾ ಫಿಸಿಯೋ ಪಕ್ಕದಲ್ಲೇ ಇರೋನಿಗೂ ನಾಲ್ಕೂವರೆ ತಿಂಗಳು ಬೇಕಾಯ್ತು. ನೀವು ಆರು ವಾರಕ್ಕೆ ಟ್ರೇಲ್ ಅಂತ ಮನಸ್ಸಲ್ಲಿ ಇಟ್ಕೋಬೇಡಿ, ಇಟ್ಕೊಂಡ್ರೆ ಆಮೇಲೆ ಬೇಜಾರಾಗುತ್ತೆ.

ಬಿಸಿಲೆ_ಟ್ರೇಲ್

ಆಪರೇಷನ್ ಇಲ್ದೆ ವಾಪಸ್ ಬಂದೋನು ನಾನು. ಸಕಲೇಶಪುರದ ಕಡೆ ನಮ್ದು. ಮೂರು ವರ್ಷದ ಹಿಂದೆ ತೋಟದ ದಾರೀಲಿ ಇಳಿಯುವಾಗ ಪಾಚಿ ಕಟ್ಟಿದ ಕಲ್ಲಿನ ಮೇಲೆ ಜಾರಿ ಬಲಭುಜ, ಗ್ರೇಡ್ 3, ನಿಮ್ದೇ ಕಥೆ. ಉಬ್ಬು ಹೋಗುತ್ತಾ ಅಂತ ಕೇಳಿದೀರಲ್ಲ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ: ಹೋಗಲ್ಲ. ನಂದು ಈಗಲೂ ಇದೆ, ಬನಿಯನ್ ಹಾಕ್ಕೊಂಡು ನಿಂತ್ರೆ ಎದ್ದು ಕಾಣುತ್ತೆ. ಆದ್ರೆ ಆ ಉಬ್ಬು ಇಟ್ಕೊಂಡೇ ಪಿಕ್ಕಾಸಿ ಹಿಡೀತೀನಿ, ಬಿಸಿಲೆ ಘಾಟಲ್ಲಿ ಸೈಕಲ್ ಹೊಡೀತೀನಿ. ನಾನು ಮೊದಲ ತಿಂಗಳು ಪೂರ್ತಿ ದಿನಕ್ಕೆ ಹತ್ತು ಸಲ ಕನ್ನಡಿ ಮುಂದೆ ನಿಂತು ಉಬ್ಬು ಇಳೀತಾ ಅಂತ ನೋಡಿದ್ದೇ ನೋಡಿದ್ದು, ಅದು ದಂಡ ಆಯ್ತು. ನೋಡ್ಬೇಕಾಗಿದ್ದು ಕೈ ಎಷ್ಟು ಎತ್ತರಕ್ಕೆ ಹೋಯ್ತು ಅನ್ನೋದನ್ನ.

ಮೊದಲ ಎರಡು ವಾರ ಮಲಗೋಕೆ ಆಗ್ಲಿಲ್ಲ, ಜಗಲೀಲಿ ಅಜ್ಜನ ಕಾಲದ ಈಸಿ ಚೇರ್ ಇತ್ತು, ಮೊಣಕೈ ಕೆಳಗೆ ಒಂದು ದಿಂಬು ಇಟ್ಕೊಂಡು ಅದ್ರಲ್ಲೇ ನಿದ್ದೆ. ದಿಂಬು ಮೊಣಕೈನ ಸ್ವಲ್ಪ ಮೇಲಕ್ಕೆ ತಳ್ತಾ ಇರ್ಬೇಕು, ಆಗ ಭುಜದ ಮೇಲಿನ ಎಳೆತ ಕಮ್ಮಿ. ಶರ್ಟ್ ಹಾಕುವಾಗ ಮೊದ್ಲು ಪೆಟ್ಟಾದ ಕೈ ತೋಳಿಗೆ ತೂರಿಸಿ, ಬಿಚ್ಚುವಾಗ ಅದು ಕೊನೇಗೆ. ಮುಂದೆ ಗುಂಡಿ ಇರೋ ಶರ್ಟ್ ಮಾತ್ರ, ಟೀ ಶರ್ಟ್ ಮುಟ್ಲೇಬೇಡಿ. ಸ್ನಾನಕ್ಕೆ ಬಗ್ಗಿ ನಿಂತು ಕೈ ತಾನಾಗೇ ಜೋತು ಬಿದ್ದಾಗ ಕಂಕುಳು ತೊಳ್ಕೊಂಡು ಚೆನ್ನಾಗಿ ಒರೆಸ್ಕೊಳ್ಳಿ, ಇಲ್ದಿದ್ರೆ ಪೌಚ್ ಒಳಗೆ ಬೆವರಿ ಗುಳ್ಳೆ ಏಳುತ್ತೆ. ಬೆರಳು, ಮಣಿಕಟ್ಟು, ಮೊಣಕೈ ಮಾತ್ರ ಮೊದಲ ದಿನದಿಂದ ಆಡಿಸ್ತಾ ಇರಿ.

ಎರಡು ವಾರ ಕಳೆದ್ಮೇಲೆ ಫಿಸಿಯೋ ಹೇಳಿಕೊಟ್ಟಿದ್ದು, ಎಡಗೈಲಿ ಟೇಬಲ್ ಹಿಡ್ಕೊಂಡು ಬಗ್ಗಿ ಬಲಗೈ ಇಳಿಬಿಟ್ಟು, ಬಾವಿಗೆ ಬಿಟ್ಟ ಕೊಡ ಹಗ್ಗದಲ್ಲಿ ತೂಗಾಡುತ್ತಲ್ಲ ಹಾಗೆ ಮೈ ಅಲುಗಾಡಿಸಿ ಕೈ ತೂಗಿಸೋದು. ಕೈಯಿಂದ ಬಲ ಹಾಕೋದಲ್ಲ. ಆಮೇಲೆ ಗೋಡೆಗೆ ಎದುರಾಗಿ ನಿಂತು ಬೆರಳಲ್ಲಿ ನಡ್ಕೊಂಡು ಮೇಲೆ ಹತ್ತೋದು, ಎಲ್ಲಿವರೆಗೆ ಹೋಯ್ತೋ ಅಲ್ಲಿ ಪೆನ್ಸಿಲ್ಲಲ್ಲಿ ಗೀಟು ಹಾಕಿ ತಾರೀಕು ಬರೀತಿದ್ದೆ. ಮೂರನೇ ವಾರ ಗೀಟು ಸ್ವಿಚ್ ಬೋರ್ಡ್ ಹತ್ರ ಇತ್ತು. ನಾಲ್ಕು ದಿನ ಒಂದೇ ಜಾಗದಲ್ಲಿ ನಾಲ್ಕು ಗೀಟು, ಒಂದರ ಮೇಲೊಂದು, ಆಗ ಅಳು ಬರೋ ಹಾಗಾಗಿತ್ತು. ಕ್ಯಾಲೆಂಡರ್ ಮೊಳೆ ಮುಟ್ಟಿದ್ದು ಏಳನೇ ವಾರ. ಆ ಗೋಡೆಗೆ ನಾನು ಇನ್ನೂ ಸುಣ್ಣ ಹೊಡ್ಸಿಲ್ಲ.

ಒಂದು ತಪ್ಪು ಮಾಡ್ದೆ, ನೀವು ಮಾಡ್ಬೇಡಿ. ಐದನೇ ವಾರಕ್ಕೆ ನೋವು ಹೆಚ್ಚುಕಮ್ಮಿ ನಿಂತೋಯ್ತು, ವಾಸಿ ಆಯ್ತು ಅನ್ಕೊಂಡು ಗೊಬ್ಬರದ ಮೂಟೆಗೆ ಒಂದು ಕಡೆ ಕೈ ಕೊಟ್ಟೆ. ಸಂಜೆ ಹೊತ್ತಿಗೆ ಭುಜ ಊದಿ ಕತ್ತು ತಿರುಗಿಸೋಕೆ ಆಗ್ಲಿಲ್ಲ, ಮತ್ತೆ ಮೂರು ವಾರ ಹಿಂದಕ್ಕೆ ಹೋದೆ. ನೋವು ಹೋಗೋದು ಬೇಗ, ಬಲ ಬರೋದು ನಿಧಾನ, ಇವೆರಡರ ಮಧ್ಯದ ತಿಂಗಳಲ್ಲೇ ಎಲ್ರೂ ಎಡವೋದು.

ಸೈಕಲ್ ವಿಷಯಕ್ಕೆ ಬಂದ್ರೆ, ಸ್ಟ್ಯಾಂಡಿಗೆ ಹಾಕಿದ ಟ್ರೈನರ್ ಮೇಲೆ ನೆಟ್ಟಗೆ ಕೂತು ಕಾಲು ಮಾತ್ರ ತುಳಿಯೋದು ನಾಲ್ಕನೇ ವಾರ ಶುರು ಮಾಡ್ದೆ, ಡಾಕ್ಟರ್ ಕೇಳಿ. ಟಾರ್ ರೋಡಿಗೆ ಬಂದಿದ್ದು ಹತ್ತನೇ ವಾರ. ತೋಟದ ಮಣ್ಣಿನ ದಾರಿ ನಾಲ್ಕು ತಿಂಗಳು ಆದ್ಮೇಲೆ.

ಫಿಸಿಯೋ_ಮೈಸೂರು

ನಾನು ಹನ್ನೊಂದು ವರ್ಷದಿಂದ ಫಿಸಿಯೋಥೆರಪಿಸ್ಟ್. ನಿಮ್ಮ ಎಕ್ಸ್‌ರೇ ನಾನು ನೋಡಿಲ್ಲ, ಹಾಗಾಗಿ ಆಪರೇಷನ್ ಮಾಡಿಸಿ, ಬಿಡಿ ಅಂತ ಹೇಳೋಕೆ ಬರಲ್ಲ. ಆದ್ರೆ ಇಬ್ರು ಡಾಕ್ಟರ್ ಯಾಕೆ ಬೇರೆ ಬೇರೆ ಹೇಳಿದ್ರು ಅನ್ನೋದು ಅರ್ಥ ಆದ್ರೆ ನಿಮ್ಮ ಅರ್ಧ ಗಾಬರಿ ಕಮ್ಮಿ ಆಗುತ್ತೆ ಅನ್ಸುತ್ತೆ.

ಭುಜ ಅಂದ್ರೆ ಒಂದೇ ಕೀಲು ಅನ್ಕೊಂಡಿರ್ತೀವಿ. ತೋಳಿನ ಗುಂಡು ಕೂತಿರೋ ದೊಡ್ಡ ಕೀಲು ಬೇರೆ, ಅದು ತಪ್ಪಿದ್ರೆ ಡಿಸ್‌ಲೊಕೇಶನ್ ಅಂತೀವಿ. ನಿಮ್ಗೆ ಆಗಿರೋದು ಅದರ ಮೇಲೆ ಕಾಲರ್ ಬೋನ್ ತುದಿ ಬಂದು ರೆಕ್ಕೆ ಮೂಳೆಗೆ ಸೇರೋ ಪುಟ್ಟ ಕೀಲು. ಅದನ್ನ ಎರಡು ಕಟ್ಟುಗಳು ಹಿಡಿದಿರ್ತವೆ. ಒಂದು ಅಡ್ಡಕ್ಕೆ, ಕೀಲಿನ ಸುತ್ತ ಇರೋ ಎಸಿ ಲಿಗಮೆಂಟ್. ಇನ್ನೊಂದು ಕಾಲರ್ ಬೋನಿಂದ ಕೆಳಗಿನ ಕೊಕ್ಕಿನಂಥ ಮೂಳೆಗೆ ಇಳಿಯೋ ಸಿಸಿ ಲಿಗಮೆಂಟ್, ಕಾನಾಯ್ಡ್ ಮತ್ತು ಟ್ರೆಪಿಜಾಯ್ಡ್ ಅಂತ ಎರಡು ಎಳೆ, ಭಾರ ಹೊರೋದು ಮುಖ್ಯವಾಗಿ ಇವೇ. ಗ್ರೇಡ್ 3 ಅಂದ್ರೆ ಎರಡೂ ಕಟ್ಟು ಹರಿದಿವೆ ಅಂತ.

ನೋಡೋಕೆ ಮೂಳೆ ಮೇಲೆದ್ದ ಹಾಗೆ ಕಾಣುತ್ತೆ. ಆದ್ರೆ ಹೆಚ್ಚಾಗಿ ಆಗಿರೋದು ಬೇರೆ, ತೂಗುಹಾಕಿದ್ದ ಕಟ್ಟು ಹೋಗಿ ಕೈ ಭಾರಕ್ಕೆ ರೆಕ್ಕೆ ಮೂಳೆ ಸಮೇತ ಇಡೀ ಭುಜ ಕೆಳಗೆ ಜಾರಿದೆ, ಕಾಲರ್ ಬೋನ್ ತುದಿ ಇದ್ದ ಜಾಗದ ಹತ್ರಾನೇ ಉಳಿದು ಉಬ್ಬಾಗಿ ಕಾಣ್ತಿದೆ. ಬಿದ್ದ ತಕ್ಷಣ ಕೈ ಯಾರದ್ದೋ ಅನ್ನೋ ಹಾಗೆ ಭಾರ ಅನ್ನಿಸ್ತು ಅಂತ ಬರೆದಿದೀರಲ್ಲ, ಅದು ಇದೇ. ಆರ್ಮ್ ಪೌಚ್ ಮಣಿಕಟ್ಟು ಮಾತ್ರ ಹಿಡ್ಕೊಂಡು ಮೊಣಕೈ ಜೋತು ಬಿಟ್ರೆ ಪ್ರಯೋಜನ ಇಲ್ಲ, ಮೊಣಕೈ ಕೆಳಗಿಂದ ಎತ್ತಿ ಹಿಡೀಬೇಕು. ಮುಂದೆ ವ್ಯಾಯಾಮದಲ್ಲಿ ತೋಳಿಗಿಂತ ಬೆನ್ನಿನ ರೆಕ್ಕೆ ಹಿಡಿಯೋ ಸ್ನಾಯುಗಳಿಗೆ ಇಷ್ಟು ಒತ್ತು ಕೊಡೋದೂ ಇದಕ್ಕೇ: ಹರಿದ ಕಟ್ಟಿನ ಕೆಲಸ ಇನ್ಮೇಲೆ ಆ ಸ್ನಾಯುಗಳು ಮಾಡ್ಬೇಕು. ನನ್ ಹತ್ರ ಬರೋರಿಗೆ ಎರಡು ರೆಕ್ಕೆ ಮಧ್ಯೆ ಒಂದು ಅಡಿಕೆ ಇದೆ, ಅದು ಬೀಳದ ಹಾಗೆ ಹಿಡ್ಕೊಳ್ಳಿ, ಭುಜ ಕಿವಿ ಕಡೆ ಏರಬಾರದು ಅಂತ ಹೇಳ್ತೀನಿ.

ರಾಕ್‌ವುಡ್ ಅನ್ನೋ ಸರ್ಜನ್ 1984ರಲ್ಲಿ ಇದನ್ನ ಆರು ದರ್ಜೆ ಮಾಡಿದ್ರು, ಇವತ್ತಿಗೂ ಅದೇ ನಡೀತಿದೆ. 1, 2ಕ್ಕೆ ಆಪರೇಷನ್ ಬೇಡ. 4, 5, 6ಕ್ಕೆ ಸಾಮಾನ್ಯವಾಗಿ ಬೇಕು. ಮಧ್ಯದ 3 ಅನ್ನೋದೇ ಜಗಳದ ಜಾಗ, ಒಳ್ಳೊಳ್ಳೆ ಸರ್ಜನ್‌ಗಳಲ್ಲೇ ಎರಡು ಅಭಿಪ್ರಾಯ ಇದೆ. ಹಾಗಾಗಿ ನಿಮ್ಮ ಇಬ್ರಲ್ಲಿ ಯಾರೋ ಒಬ್ರು ಮೋಸ ಮಾಡ್ತಿದಾರೆ ಅನ್ಕೋಬೇಡಿ. 2015ರಲ್ಲಿ ಕೆನಡಾದ ಸರ್ಜನ್‌ಗಳು 83 ಜನರನ್ನ ಎರಡು ಗುಂಪು ಮಾಡಿ, ಒಂದಕ್ಕೆ ಹುಕ್ ಪ್ಲೇಟ್, ಇನ್ನೊಂದಕ್ಕೆ ಪೌಚ್ ಮತ್ತು ಫಿಸಿಯೋ ಕೊಟ್ಟು ನೋಡಿದ್ರು. ಮೊದಲ ಮೂರು ತಿಂಗಳಲ್ಲಿ ಆಪರೇಷನ್ ಇಲ್ದೋರ ಕೈಯೇ ಚೆನ್ನಾಗಿ ಕೆಲಸ ಮಾಡ್ತಿತ್ತು, ಒಂದು ವರ್ಷ, ಎರಡು ವರ್ಷಕ್ಕೆ ನೋಡಿದ್ರೆ ಎರಡೂ ಗುಂಪಿಗೆ ವ್ಯತ್ಯಾಸ ಇರ್ಲಿಲ್ಲ. ಎಕ್ಸ್‌ರೇಲಿ ಮಾತ್ರ ಆಪರೇಷನ್ ಆದೋರದ್ದು ಚೆಂದ.

ಈಗ ನೀವು ಮಾಡ್ಬೇಕಾಗಿರೋದು ಒಂದಿದೆ. ಮುಂದಿನಿಂದ ತೆಗೆದ ಒಂದೇ ಎಕ್ಸ್‌ರೇ ನಂಬ್ಕೊಂಡು ಕೂರ್ಬೇಡಿ. ಎರಡೂ ಭುಜ ಒಟ್ಟಿಗೆ ಬರೋ ಹಾಗೆ ಒಂದು, ಕಂಕುಳ ಕಡೆಯಿಂದ ತೆಗೆಯೋ ಎಕ್ಸಿಲರಿ ವ್ಯೂ ಒಂದು ತೆಗೆಸಿ. ಗ್ರೇಡ್ 4ರಲ್ಲಿ ಕಾಲರ್ ಬೋನ್ ಹಿಂದಕ್ಕೆ ಹೋಗಿರುತ್ತೆ, ಮುಂದಿನ ಎಕ್ಸ್‌ರೇಲಿ ಅದು ಕಣ್ಣಿಗೆ ಬೀಳದೇ ಹೋಗ್ಬಹುದು. ಸಿಸಿ ಅಂತರ, ಅಂದ್ರೆ ಕಾಲರ್ ಬೋನಿಗೂ ಕೆಳಗಿನ ಆ ಕೊಕ್ಕಿನಂಥ ಮೂಳೆಗೂ ಮಧ್ಯದ ಜಾಗ, ಸಾಮಾನ್ಯವಾಗಿ 11ರಿಂದ 13 ಮಿಲಿಮೀಟರ್, ಒಳ್ಳೇ ಭುಜಕ್ಕಿಂತ ದುಪ್ಪಟ್ಟು ದಾಟಿದ್ರೆ ಅದು 3 ಅಲ್ಲ, 5. ಎರಡನೇ ಡಾಕ್ಟರ್ ಹತ್ರ ಈ ಅಳತೆ ಬಾಯಲ್ಲಿ ಹೇಳ್ಸಿ.

ಮೂರು ವಾರದ ಗಡುವು ಸುಳ್ಳಲ್ಲ, ಹರಿದ ಲಿಗಮೆಂಟ್ ಹಸಿಯಾಗಿರುವಾಗ ಕೂಡೋದು ಸುಲಭ. ಆದ್ರೆ ಅದು ದಾಟಿದ್ರೆ ಬಾಗಿಲು ಮುಚ್ಚೋಯ್ತು ಅಂತಲ್ಲ, ನಾಲ್ಕೈದು ತಿಂಗಳು ಫಿಸಿಯೋ ಮಾಡಿಯೂ ಕೈ ಸರಿ ಹೋಗದಿದ್ರೆ ಬೇರೆ ಕಡೆಯಿಂದ ಟೆಂಡನ್ (ಸ್ನಾಯುನ ಮೂಳೆಗೆ ಸೇರಿಸೋ ನಾರು) ತಗೊಂಡು ಕಟ್ಟೋ ಆಪರೇಷನ್ ಇದೆ. ಸ್ವಲ್ಪ ದೊಡ್ಡದು, ಅಷ್ಟೇ. ಬೆರಳು ಜೋಮು ಹಿಡಿಯೋದು, ಕೈ ತಣ್ಣಗಾಗೋದು, ಉಸಿರು ಎಳೆದಾಗ ಎದೆ ಹಿಡಿಯೋದು, ಉಬ್ಬಿನ ಮೇಲಿನ ಚರ್ಮ ಬೆಳ್ಳಗೆ ಬಿಗಿಯೋದು, ಇವುಗಳಲ್ಲಿ ಯಾವುದಾದ್ರೂ ಆದ್ರೆ ಇಲ್ಲಿ ಕೇಳ್ತಾ ಕೂರದೆ ಅವತ್ತೇ ಆಸ್ಪತ್ರೆಗೆ ಹೋಗಿ.

ದುರ್ಗದ_ದಾರಿ

ಅಮ್ಮನ ವಿಷಯ ಯಾರೂ ಬರೀಲಿಲ್ಲ, ನಾನು ಬರೀತೀನಿ. ನಮ್ಮೆಜಮಾನ್ರು ದೇವರಾಯನದುರ್ಗ ಇಳಿಯುವಾಗ ಬಿದ್ರು, ಇಬ್ರೂ ಒಟ್ಟಿಗೇ ಸೈಕಲ್ ಹೊಡಿಯೋದು ನಾವು. ಅವ್ರಿಗೆ ಆಗಿದ್ದು ನಿಮಗಿಂತ ಕಮ್ಮಿ, ಗ್ರೇಡ್ 2. ಮನೆಯವ್ರ ಒತ್ತಾಯಕ್ಕೆ ಊರ ಹತ್ರ ಒಬ್ರ ಹತ್ರ ಕಟ್ಟು ಹಾಕಿಸಿದ್ವಿ. ಸೊಪ್ಪು ಅರೆದು, ಮೊಟ್ಟೆ ಬಿಳಿ ಹಚ್ಚಿ, ಬಿದಿರು ದಬ್ಬೆ ಇಟ್ಟು, ಕೈನ ಹೊಟ್ಟೆಗೆ ಸೇರಿಸಿ ಬಿಗಿದು ಕಟ್ಟಿದ್ರು. 40 ದಿನ ಅಲುಗಾಡಿಸ್ಬಾರ್ದು ಅಂದ್ರು, ನಾವು ಭಕ್ತಿಯಿಂದ ಹಾಗೇ ಮಾಡಿದ್ವಿ. ಬಿಚ್ಚಿದಾಗ ಎಸಿ ಜಾಯಿಂಟ್ ನೋವು ಇರ್ಲಿಲ್ಲ, ಆದ್ರೆ ಕೈ ಮೇಲೇಳ್ಲಿಲ್ಲ. ಫ್ರೋಜನ್ ಶೋಲ್ಡರ್, ಅಂದ್ರೆ ಭುಜದ ಕೀಲೇ ಬಿಗಿದುಕೊಂಡಿತ್ತು. ಅವ್ರಿಗೆ 48 ವಯಸ್ಸು, ಶುಗರ್ ಬೇರೆ ಇದೆ, ಶುಗರ್ ಇರೋರಿಗೆ ಇದು ಜಾಸ್ತಿ ಅಂತ ಆಮೇಲೆ ಡಾಕ್ಟರ್ ಹೇಳಿದ್ರು. ಹಿಂದಿನ ಜೇಬಿಂದ ಪರ್ಸ್ ತೆಗೆಯೋಕೆ ಒಂದೂವರೆ ವರ್ಷ ಹಿಡೀತು. ಸಣ್ಣ ಪೆಟ್ಟಿಗೆ ಒಂದೂವರೆ ವರ್ಷ ಕೊಟ್ವಿ ಅನ್ನೋದು ನಂಗೆ ಈಗ್ಲೂ ಸಂಕಟ.

ಆದ್ರೆ ಅಮ್ಮನಿಗೆ ಬೇಡ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳ್ಬೇಡಿ. ಮಗ ಕೈ ಕಟ್ಕೊಂಡು ಕೂತಿದ್ರೆ ಅವ್ರಿಗೆ ಏನಾದ್ರೂ ಮಾಡ್ಬೇಕು ಅನ್ಸುತ್ತೆ. ಕೈ ಒಂದು ಕಡೆ ತೂಗಿ ತೂಗಿ ಕತ್ತು, ಬೆನ್ನಿನ ಮೇಲ್ಭಾಗ ಕಲ್ಲಾಗಿರುತ್ತೆ, ಅಲ್ಲಿ ಬೆಚ್ಚಗೆ ಎಳ್ಳೆಣ್ಣೆ ಹಚ್ಚಿಸ್ಕೊಳ್ಳಿ, ಉಬ್ಬಿರೋ ಜಾಗ ಮಾತ್ರ ಮುಟ್ಟಿಸ್ಬೇಡಿ. ನಮ್ಮತ್ತೆಗೆ ಫಿಸಿಯೋ ಹತ್ರ ಒಂದು ಸಲ ಕರ್ಕೊಂಡು ಹೋದ್ಮೇಲೆ ಅವ್ರೇ ಗಡಿಯಾರ ಇಟ್ಕೊಂಡು ಮಗನಿಗೆ ವ್ಯಾಯಾಮ ಮಾಡಿಸೋಕೆ ಶುರು ಮಾಡಿದ್ರು.

ಆವತಿ_ಸವಾರ

ಎಲ್ರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲಲ್ಲ. ಕೈ ಕೆಳಗೆ ಜಾರಿದೆ ಅನ್ನೋ ಮಾತು ಓದಿ ಪೌಚ್ ಬೆಲ್ಟ್ ಎರಡು ಇಂಚು ಮೇಲಕ್ಕೆ ಬಿಗಿದೆ ಮೇಡಂ, ಅವತ್ತು ರಾತ್ರಿನೇ ನಾಲ್ಕು ಗಂಟೆ ಒಟ್ಟಿಗೆ ನಿದ್ದೆ ಬಂತು. ನಿನ್ನೆ ಎರಡೂ ಭುಜದ ಎಕ್ಸ್‌ರೇ, ಕಂಕುಳ ಕಡೆಯದ್ದೂ ತೆಗೆಸ್ದೆ. ಹಿಂದಕ್ಕೆ ಹೋಗಿಲ್ಲ. ಅಂತರ ಬಲಗಡೆ 19, ಎಡಗಡೆ 12 ಮಿಲಿಮೀಟರ್. 3 ಪಕ್ಕಾ. ಎರಡನೇ ಡಾಕ್ಟರ್ ಆರು ವಾರಕ್ಕೆ ಮತ್ತೆ ನೋಡ್ತೀನಿ, ಅಷ್ಟರಲ್ಲಿ ರೆಕ್ಕೆ ಸರಿಯಾಗಿ ಅಲುಗಾಡ್ತಿಲ್ಲ ಅಂದ್ರೆ ಆಗ ಮಾತಾಡೋಣ ಅಂದ್ರು. ಆಪರೇಷನ್ ಬೇಡ ಅಂತ ತೀರ್ಮಾನ ಮಾಡಿದೀವಿ. ಅಮ್ಮನ್ನ ಸೋಮವಾರ ಫಿಸಿಯೋಗೆ ಕರ್ಕೊಂಡು ಹೋಗ್ತಿದೀನಿ.

ನೃಪತುಂಗ_ಬೆಟ್ಟ

ಚಲೋ ಆತು. ಗೀಟು ಹಾಕೂದು ಮರೀಬ್ಯಾಡ್ರಿ, ನನಗೂ ಅದು ಮೊದ್ಲ ಗೊತ್ತಿದ್ರ ಬಾಳ ಧೈರ್ಯ ಬರ್ತಿತ್ತು.

ಆವತಿ_ಸವಾರ

ಐದು ತಿಂಗಳಾಯ್ತು, ಮುಂದೆ ಯಾರಾದ್ರೂ ಹುಡ್ಕೊಂಡು ಬಂದ್ರೆ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ಆರನೇ ವಾರದಲ್ಲಿ ಡಾಕ್ಟರ್ ಶರ್ಟ್ ಬಿಚ್ಚಿಸಿ ಹಿಂದೆ ನಿಂತು ಕೈ ಎತ್ತು ಇಳಿಸು ಅಂತ ಹತ್ತು ಸಲ ಮಾಡಿಸಿ ಬಲಗಡೆ ರೆಕ್ಕೆ ಇಳಿಯುವಾಗ ನಡುಗ್ತಿದೆ, ಅದು ಬಿಟ್ರೆ ಚೆನ್ನಾಗಿದೆ ಅಂದ್ರು. ಆ ನಡುಕ ಹೋಗೋಕೆ ಇನ್ನೂ ಆರು ವಾರ ಹಿಡೀತು. ನಿಜ ಹೇಳ್ಬೇಕು ಅಂದ್ರೆ ನಂಗೆ ಅತಿ ಕಷ್ಟ ಆಗಿದ್ದು ನೋವಲ್ಲ, ಆ ಸಣ್ಣ ಸಣ್ಣ ವ್ಯಾಯಾಮ. ಗೋಡೆಗೆ ಅಂಗೈ ಊರಿ ಮೈ ತಳ್ಳೋದು, ಬೋರಲು ಮಲಗಿ ಕೈನ ಒಂದು ಗೇಣು ಎತ್ತಿ ಹಿಡಿಯೋದು. ಬೆವರೇ ಬರಲ್ಲ, ಏನೋ ಮಾಡ್ದೆ ಅಂತ ಅನ್ಸೋದೇ ಇಲ್ಲ, ಆದ್ರೆ ಎರಡು ದಿನ ಬಿಟ್ರೆ ಸಂಜೆ ಕಂಪ್ಯೂಟರ್ ಮುಂದೆ ಭುಜ ಕೆಳಗೆ ಎಳೆಯೋದು ಗೊತ್ತಾಗ್ತಿತ್ತು. ಅಮ್ಮ ಒಂದು ದಿನಾನೂ ಬಿಡೋಕೆ ಬಿಡ್ಲಿಲ್ಲ.

ಎಲ್ಲಕ್ಕಿಂತ ಕೊನೇಗೆ ಬಂದಿದ್ದು ಕೈನ ಎದೆ ಮುಂದೆ ಅಡ್ಡ ತಂದು ಬಲ ಹಾಕೋ ಕೆಲಸ. ಎಡಗಡೆ ಕಂಕುಳಿಗೆ ಸೋಪು ಹಚ್ಚೋದು, ಕಾರಿನ ಸೀಟ್ ಬೆಲ್ಟ್ ಎಳ್ಕೊಳ್ಳೋದು. ಮುದ್ದೆ ತಿರುವೋಕೆ ಆಗಿದ್ದು ಹದಿನಾಲ್ಕನೇ ವಾರ. ನಮ್ಮನೇಲಿ ಭಾನುವಾರದ ಮುದ್ದೆ ನಂದೇ ಜವಾಬ್ದಾರಿ, ಪಾತ್ರೆ ಕಾಲಲ್ಲಿ ಅದುಮಿಕೊಂಡು ಎರಡೂ ಕೈಲಿ ಕೋಲು ಹಿಡಿದು ಗಂಟಿಲ್ಲದ ಹಾಗೆ ತಿರುವಿದೆ, ಭುಜದಲ್ಲಿ ಒಂದು ಸಲ ಕಟ್ ಅಂತ ಸದ್ದು ಬಂತು, ನೋವಿಲ್ಲ. ಸದ್ದು ಈಗ್ಲೂ ಬರುತ್ತೆ. ಉಬ್ಬು ಹಾಗೇ ಇದೆ. ಬ್ಯಾಗಿನ ಪಟ್ಟಿ ಅದರ ಮೇಲೆ ಉಜ್ಜಿದ್ರೆ ಉರಿಯುತ್ತೆ, ಅದಕ್ಕೆ ನೀರಿನ ಬ್ಯಾಗ್ ಬಿಟ್ಟು ಸೊಂಟಕ್ಕೆ ಕಟ್ಟೋದು ತಗೊಂಡೆ.

ಸೈಕಲ್ಲಲ್ಲಿ ಹ್ಯಾಂಡಲ್ ಕೆಳಗಿನ ಸ್ಪೇಸರ್ ಎರಡು ಜಾಸ್ತಿ ಹಾಕಿಸಿ ಎತ್ತರ ಮಾಡಿಸ್ದೆ, ಕೈ ಮೇಲೆ ಬೀಳೋ ಭಾರ ಕಮ್ಮಿ ಆಯ್ತು. ಟೈರ್ ಗಾಳಿ ಸ್ವಲ್ಪ ಇಳಿಸಿದೀನಿ. ಹನ್ನೊಂದನೇ ವಾರದಿಂದ ಬೆಳಗ್ಗೆ ನಂದಿ ರಸ್ತೇಲಿ, ಬೆಟ್ಟ ಹತ್ತದೆ ಬುಡದವರೆಗೆ ಮಾತ್ರ.

ಹೋದ ಭಾನುವಾರ ಅದೇ ಇಬ್ರ ಜೊತೆ ಆವತಿಗೆ ಹೋಗಿದ್ದೆ. ಹಾರೆ, ಮಂಕರಿ ತಗೊಂಡು ಹೋಗಿದ್ವಿ. ಹುಲ್ಲು ಒಣಗಿ ಕೊರಕಲು ಈಗ ಚೆನ್ನಾಗಿ ಕಾಣುತ್ತೆ, ಮೊಳಕಾಲುದ್ದ ಇದೆ, ಅಷ್ಟು ಆಳ ಇರ್ಬಹುದು ಅಂತ ನಾನು ಅನ್ಕೊಂಡಿರ್ಲಿಲ್ಲ. ಅವ್ರಿಬ್ರು ದೊಡ್ಡ ಕಲ್ಲು ಉರುಳಿಸಿದ್ರು, ನಾನು ಎಡಗೈಲಿ ಸಣ್ಣ ಕಲ್ಲು ತುಂಬಿದೆ, ಮೇಲೆ ಮಣ್ಣು ಹಾಕಿ ತುಳಿದ್ವಿ, ಮುಂದಿನ ಮಳೆಗೆ ನೀರು ಪಕ್ಕಕ್ಕೆ ಹೋಗ್ಲಿ ಅಂತ ಮೇಲ್ಗಡೆ ಒಂದು ಓರೆ ಕಾಲುವೆ ತೆಗೆದ್ವಿ. ಅವ್ರು ಸವಾರಿ ಮಾಡ್ಕೊಂಡು ಇಳಿದ್ರು. ನಾನು ಆ ಜಾಗದಲ್ಲಿ ಸೈಕಲ್ ಇಳಿದು ತಳ್ಕೊಂಡು ಬಂದು, ಕೆಳಗೆ ದಾರಿ ಅಗಲ ಆದ್ಮೇಲೆ ಹತ್ತಿದೆ.

ಹೊಸ_ಪೆಡಲ್

ಸರ್, ನಂಗೂ ಗ್ರೇಡ್ 3, ಇವತ್ತಿಗೆ ನಾಲ್ಕನೇ ದಿನ, ಪೂರ್ತಿ ಓದಿದೆ, ತುಂಬಾ ಸಮಾಧಾನ ಆಯ್ತು. ವ್ಯಾಯಾಮಕ್ಕೆ ಎಳೆಯೋ ರಬ್ಬರ್ ಬ್ಯಾಂಡ್ ಯಾವ ಬಣ್ಣದ್ದು ತಗೋಬೇಕು?

ಆವತಿ_ಸವಾರ

ಈಗ ಯಾವುದೂ ಬೇಡ, ನಾಲ್ಕನೇ ದಿನ ಅಂದ್ರೆ ಪೌಚ್ ಮತ್ತು ಬೆರಳು ಆಡಿಸೋದು ಅಷ್ಟೇ. ಮೊಣಕೈ ಕೆಳಗೆ ದಿಂಬು ಇಟ್ಕೊಳ್ಳಿ. ನಂಗೆ ಐದನೇ ವಾರಕ್ಕೆ ಹಳದಿ ಕೊಟ್ರು, ಅದು ತುಂಬಾ ಹಗುರ, ಆಮೇಲೆ ಕೆಂಪು, ಈಗ ಹಸಿರು. ನಿಮ್ಮ ಫಿಸಿಯೋ ಹೇಳಿದ ದಿನ ತಗೊಳ್ಳಿ. ಎಕ್ಸ್‌ರೇ ಎರಡೂ ಭುಜದ್ದು ತೆಗೆಸಿದೀರಾ? ಅಂತರ ಎಷ್ಟಿದೆ ಅಂತ ಕೇಳಿ ಇಲ್ಲಿ ಹಾಕಿ.